ನಖ್ಚಿವಾನಿನ ಸೇನಾನಿ

ಕಾಕಸಸ್ ಪರ್ವತಗಳ ದಕ್ಷಿಣಕ್ಕೆ, ಅರಾಸ್ ನದಿಯ ದಡದಲ್ಲಿ ನಖ್ಚಿವಾನ್ ಎಂಬ ಪುಟ್ಟ ನಾಡಿದೆ. ಇಂದು ಅದು ಅಜರ್‌ಬೈಜಾನಿಗೆ ಸೇರಿದ ಸ್ವಾಯತ್ತ ಪ್ರದೇಶ. ಹಿಂದೆ ಪರ್ಷಿಯದ ಅಧೀನರಾದ ಖಾನರು ಅದನ್ನು ಆಳುತ್ತಿದ್ದರು. ರಷ್ಯಕ್ಕೂ ಪರ್ಷಿಯಕ್ಕೂ ನಡೆದ ಯುದ್ಧವು 1828ರಲ್ಲಿ ತುರ್ಕ್‌ಮನ್‌ಚಾಯ್ ಒಪ್ಪಂದದಿಂದ ಕೊನೆಗೊಂಡಾಗ ಈ ನಾಡು ರಷ್ಯದ ಪಾಲಾಯಿತು. ರಷ್ಯದ ಪಕ್ಷ ವಹಿಸಿದ್ದ ಎಹ್ಸಾನ್ ಖಾನನ ಮನೆತನವು ಕಾಲಕ್ರಮದಲ್ಲಿ ಆಳ್ವಿಕೆಯನ್ನು ಕಳೆದುಕೊಂಡರೂ ಗೌರವವನ್ನು ಉಳಿಸಿಕೊಂಡಿತು. ಅರಸುಮಕ್ಕಳು ಚಕ್ರವರ್ತಿಯ ಸೇನೆಯಲ್ಲಿ ಅಧಿಕಾರಿಗಳಾದರು.

ಎಹ್ಸಾನ್ ಖಾನನ ಮೊಮ್ಮಗನಾದ ಹುಸೇನ್ ಖಾನ್ ನಖ್ಚಿವಾನ್‌ಸ್ಕಿ 1863ರಲ್ಲಿ ಜನಿಸಿದನು. ತಂದೆ ಕೆಲ್ಬಲಿ ಖಾನನೂ ರಷ್ಯದ ಸೇನಾನಿಯೇ. ಆ ಕಾಲದಲ್ಲಿ ಕಾಕಸಸ್ಸಿನಾಚೆಯ ಮುಸಲ್ಮಾನರಿಗೆ ಕಡ್ಡಾಯ ಸೈನಿಕ ಸೇವೆ ಇರಲಿಲ್ಲ. ಅದಕ್ಕೆ ಬದಲಾಗಿ ಅವರು ತೆರಿಗೆ ಸಲ್ಲಿಸುತ್ತಿದ್ದರು. ಆದರೆ ಉನ್ನತ ಮನೆತನಗಳ ತರುಣರು ತಾವಾಗಿಯೇ ಸೇನೆ ಸೇರುತ್ತಿದ್ದರು. ಹುಸೇನನು ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅರಮನೆಯ ಆಶ್ರಯದಲ್ಲಿದ್ದ ಸೈನಿಕ ಶಾಲೆಯಲ್ಲಿ ಕಲಿತು, 1883ರಲ್ಲಿ ಚಕ್ರವರ್ತಿಯ ಅಂಗರಕ್ಷಕ ಅಶ್ವದಳವನ್ನು ಸೇರಿದನು. ಅವನು ಕೊನೆಯವರೆಗೂ ತನ್ನ ಧರ್ಮವನ್ನು ಬಿಡಲಿಲ್ಲ.

1904ರಲ್ಲಿ ರಷ್ಯ–ಜಪಾನ್ ಯುದ್ಧ ಆರಂಭವಾಯಿತು. ದಾಗೆಸ್ತಾನದ ಗುಡ್ಡಗಾಡಿನ ಸ್ವಯಂಸೇವಕರಿಂದ ರಚಿತವಾದ ಅಶ್ವದಳವೊಂದರ ನಾಯಕತ್ವ ಅವನಿಗೆ ದೊರೆಯಿತು. ಮಂಚೂರಿಯದ ರಣರಂಗದಲ್ಲಿ ತೋರಿದ ಶೌರ್ಯಕ್ಕಾಗಿ ಸೇಂಟ್ ಜಾರ್ಜ್ ಪದಕವು ಲಭಿಸಿತು. ಆಗ ಕ್ರೈಸ್ತರಲ್ಲದವರಿಗೆ ನೀಡುವ ಪದಕಗಳಲ್ಲಿ ಸಂತನ ಚಿತ್ರಕ್ಕೆ ಬದಲಾಗಿ ಸಾಮ್ರಾಜ್ಯದ ಲಾಂಛನವಾದ ಎರಡು ತಲೆಯ ಹದ್ದನ್ನು ಕೆತ್ತುವ ಪದ್ಧತಿ ಇತ್ತು. 1906ರಲ್ಲಿ ಅವನು, ತಾನು ತರುಣನಾಗಿ ಸೇರಿದ್ದ ಅಂಗರಕ್ಷಕ ದಳಕ್ಕೇ ನಾಯಕನಾದನು.

ಹುಸೇನನ ಬಾಳಿನಲ್ಲಿ ಜಯದೊಡನೆ ಲೋಪವೂ ಉಂಟು. 1914ರ ಆಗಸ್ಟ್ 19ರಂದು ಪೂರ್ವ ಪ್ರಷ್ಯದ ಕೌಶೆನ್ ಎಂಬಲ್ಲಿ ಅವನ ಅಶ್ವಸೇನೆ ಜರ್ಮನರನ್ನು ಎದುರಿಸಿತು. ಸವಾರರು ಕುದುರೆಗಳಿಂದಿಳಿದು ತುಪಾಕಿ ಫಿರಂಗಿಗಳ ಎದುರಿಗೆ ನಡೆಯಬೇಕಾಯಿತು. ಹಳ್ಳಿ ಕೈವಶವಾದರೂ ಹಲವು ತರುಣ ಅಧಿಕಾರಿಗಳು ಮಡಿದರು. ಬಳಲಿದ ಸೇನೆಯನ್ನು ಅವನು ಹಿಂದಕ್ಕೆ ಕರೆದೊಯ್ದನು. ಮರುದಿನ ಗುಂಬಿನ್ನೆನ್ನಿನಲ್ಲಿ ಕದನ ನಡೆದಾಗ ರಷ್ಯದ ಸೇನೆಯ ಪಾರ್ಶ್ವವನ್ನು ಕಾಯುವ ಅಶ್ವದಳ ಅಲ್ಲಿರಲಿಲ್ಲ. ಇದಕ್ಕಾಗಿ ಅವನು ಕಟುಟೀಕೆಗೆ ಗುರಿಯಾದನು. ಆದರೂ ಮುಂದಿನ ಕದನಗಳಲ್ಲಿ ಅವನು ಮತ್ತೆ ಹೆಸರು ಪಡೆದನು. 1915ರಲ್ಲಿ ಚಕ್ರವರ್ತಿಯ ಆಪ್ತ ಸೇನಾನಿಯ ಪದವಿ ಅವನಿಗೆ ಸಂದಿತು. ಆ ಪದವಿಗೇರಿದ ಮುಸಲ್ಮಾನನು ಅವನೊಬ್ಬನೇ.

1917ರಲ್ಲಿ ಕ್ರಾಂತಿ ಸಿಡಿಯಿತು. ಬಹುತೇಕ ಸೇನಾನಿಗಳು ಚಕ್ರವರ್ತಿಯನ್ನು ಕೈಬಿಟ್ಟರು. ಆಗ ಹುಸೇನನ ಹೆಸರಿನಲ್ಲಿ ನಿಷ್ಠೆಯನ್ನು ಸಾರುವ ತಂತಿಯೊಂದು ಹೋಯಿತು. ಅದನ್ನು ಕಳುಹಿಸಿದವನು ಅವನೋ, ಅವನ ಸಹಾಯಕನೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಬಳಿಕ ಅವನ ಅಧಿಕಾರ ಹೋಯಿತು. 1918ರಲ್ಲಿ ಅವನು ಬಂಧಿತನಾಗಿ, ರಾಜಮನೆತನದವರೊಡನೆ ಸೆರೆಯಲ್ಲಿದ್ದನು. 1919ರ ಜನವರಿಯಲ್ಲಿ ಅವರೊಡನೆ ಅವನನ್ನೂ ಗುಂಡಿಟ್ಟು ಕೊಂದರೆಂದು ಹಲವರು ಭಾವಿಸುತ್ತಾರೆ. ಅವನ ಸಮಾಧಿ ಎಲ್ಲಿದೆಯೆಂದು ಯಾರೂ ಅರಿಯರು.

ಅವನ ಅಣ್ಣನ ಮಗ ಜಮ್‌ಶೀದನು ಹೊಸ ಸೋವಿಯತ್ ಸೇನೆಯಲ್ಲಿ ಅಧಿಕಾರಿಯಾದನು. 1938ರಲ್ಲಿ ಅವನೂ ಮರಣದಂಡನೆಗೆ ಗುರಿಯಾದನು. ಒಬ್ಬನು ಅಳಿಯುತ್ತಿದ್ದ ಪ್ರಭುತ್ವಕ್ಕೆ ದುಡಿದನು, ಇನ್ನೊಬ್ಬನು ಉದಯಿಸುತ್ತಿದ್ದ ಪ್ರಭುತ್ವಕ್ಕೆ. ಇಬ್ಬರ ಸೇವೆಗೂ ದೊರೆತ ಫಲ ಒಂದೇ. ಪರರ ಸಾಮ್ರಾಜ್ಯವು ಸಣ್ಣ ನಾಡಿನ ವೀರರಿಗೆ ಪದವಿಯನ್ನೇನೋ ಕೊಡಬಲ್ಲುದು. ಆದರೆ ಆಪತ್ಕಾಲದಲ್ಲಿ ಅವರಿಗೆ ಆಸರೆಯಾಗುವುದೆಂಬ ಭರವಸೆಯಿಲ್ಲ.