ಗೇಲಿಗೆಂದು ಬರೆದ ಹೆಸರು

ಊರಿನ ಚುನಾವಣೆ. ಬೆಳಗ್ಗೆ ಮತ ಹಾಕಲು ಹೋದವರ ಕೈಗೆ ಬಂದ ಚೀಟಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಒಬ್ಬ ಗೃಹಿಣಿಯ ಹೆಸರು ಅಚ್ಚಾಗಿದೆ. ಆ ಗೃಹಿಣಿಗೆ ಮಾತ್ರ ಈ ಸಂಗತಿಯೇ ತಿಳಿಯದು! ಇದು ಕಟ್ಟುಕಥೆಯಲ್ಲ. 1887ರ ಏಪ್ರಿಲ್ 4ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಆರ್ಗೋನಿಯಾ ಎಂಬಲ್ಲಿ ನಡೆದದ್ದು. ಊರಿನ ಜನಸಂಖ್ಯೆ ಐನೂರನ್ನೂ ಮುಟ್ಟಿರಲಿಲ್ಲ. ಅಂದು ಗೆದ್ದು ಅಧಿಕಾರ ನಡೆಸಿದ ಸುಸಾನಾ ಸಾಲ್ಟರ್ ಅವರನ್ನು ಅಮೆರಿಕದ ಮೊದಲ ಮಹಿಳಾ ಮೇಯರ್ ಎಂದು ಇಂದು ಗುರುತಿಸುತ್ತಾರೆ.

ಸುಸಾನಾ ಅವರು ರೈತ ಮನೆತನದವರು. 1860ರ ಮಾರ್ಚ್ 2ರಂದು ಓಹಾಯೋ ರಾಜ್ಯದಲ್ಲಿ ಜನನ. ಹನ್ನೆರಡರ ಪ್ರಾಯದಲ್ಲಿ ತಂದೆ ತಾಯಿಯರೊಡನೆ ಕ್ಯಾನ್ಸಸ್‌ಗೆ ವಲಸೆ ಬಂದು 80 ಎಕರೆ ಹೊಲದಲ್ಲಿ ಬೆಳೆದರು. (ನಮ್ಮಲ್ಲಿ ಅಷ್ಟಿದ್ದರೆ ದೊಡ್ಡ ಸಾಹುಕಾರರೇ ಸರಿ. ಅಲ್ಲಿ ಹೊಸದಾಗಿ ನೆಲೆಸುವ ಕುಟುಂಬಕ್ಕೆ ಸರ್ಕಾರವೇ 160 ಎಕರೆ ಕೊಡುತ್ತಿದ್ದ ಕಾಲವದು.) ರಾಜ್ಯದ ಕೃಷಿ ಕಾಲೇಜಿಗೆ ಸೇರಿ, ಮೊದಲ ವರ್ಷದ ತರಗತಿಯನ್ನೇ ದಾಟಿ ನೇರ ಎರಡನೆಯದಕ್ಕೆ ಹೋದ ಜಾಣೆ. ಪದವಿಗೆ ಆರೇ ವಾರ ಉಳಿದಿರುವಾಗ ಕಾಯಿಲೆ ಬಿದ್ದು ಓದು ನಿಂತಿತು. ಕಾಲೇಜಿನಲ್ಲೇ ಪರಿಚಯವಾದ ಲೂಯಿಸ್ ಸಾಲ್ಟರ್ ಅವರನ್ನು 1880ರಲ್ಲಿ ಮದುವೆಯಾಗಿ, ಎರಡು ವರ್ಷದ ತರುವಾಯ ಆರ್ಗೋನಿಯಾಕ್ಕೆ ಬಂದರು. ಪತಿ ಅಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನೋಡಿಕೊಂಡರು. 1885ರಲ್ಲಿ ಊರಿಗೆ ಪೌರಾಡಳಿತ ಬಂದಾಗ ಮೊದಲ ಮೇಯರ್ ಆದವರು ಸುಸಾನಾ ಅವರ ತಂದೆಯೇ. ಆದ್ದರಿಂದ ಊರಿನ ಕಾರುಬಾರು ಎಂದರೇನೆಂಬುದು ಆಕೆಗೆ ತೀರ ಹೊಸದೇನಲ್ಲ.

1887ರ ಆರಂಭದಲ್ಲಿ ಕ್ಯಾನ್ಸಸ್ ಶಾಸನಸಭೆ ಪಟ್ಟಣಗಳ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಹೆಂಗಸರಿಗೂ ಕೊಟ್ಟಿತು. ಪಟ್ಟಣಗಳಲ್ಲಿ ಮಾತ್ರ, ರಾಜ್ಯದ, ದೇಶದ ಚುನಾವಣೆಗೆ ಇಲ್ಲ. ಆ ರಾಜ್ಯದಲ್ಲಿ ಪಾನನಿರೋಧವೂ ಜಾರಿಯಲ್ಲಿತ್ತು. ಕಾನೂನು ಕಾಗದದಲ್ಲಿ ಉಳಿಯಬಾರದೆಂದು ಪಟ್ಟು ಹಿಡಿದಿದ್ದವರು ಕ್ರೈಸ್ತ ಮಹಿಳಾ ಪಾನನಿರೋಧ ಸಂಘದವರು. ಸುಸಾನಾ ಅವರೂ ಆ ಸಂಘದಲ್ಲಿದ್ದರು. ಹೊಸ ಹಕ್ಕು ಕೈಗೆ ಬಂದದ್ದೇ ತಡ, ಸಂಘದವರು ತಮಗೊಪ್ಪಿದ ಗಂಡಸರನ್ನು ಆರಿಸಿ ಒಂದು ಪಟ್ಟಿ ಮಾಡಿದರು. ಊರಿನ ಸುಮಾರು ಇಪ್ಪತ್ತು ಮಂದಿ ಗಂಡಸರಿಗೆ ಇದು ಸಹಿಸಲಿಲ್ಲ.

ಆಗ ಸರ್ಕಾರದ ಮತಪತ್ರ ಎಂಬುದು ಇರಲಿಲ್ಲ. ನಾಮಪತ್ರ, ಹಿಂತೆಗೆತ ಮೊದಲಾದ ಗೊಡವೆಯೂ ಇಲ್ಲ. ಆಯಾ ಗುಂಪಿನವರು ತಮ್ಮ ಪಟ್ಟಿಯನ್ನು ತಾವೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ಈ ಇಪ್ಪತ್ತು ಮಂದಿ ಗುಟ್ಟಾಗಿ ಸೇರಿ, ಸಂಘದ ಪಟ್ಟಿಯನ್ನೇ ನಕಲು ಮಾಡಿ, ಮೇಯರ್ ಹೆಸರಿದ್ದ ಜಾಗದಲ್ಲಿ ಮಾತ್ರ ಸುಸಾನಾ ಸಾಲ್ಟರ್ ಎಂದು ಸೇರಿಸಿಬಿಟ್ಟರು. ತಮ್ಮ ಇಪ್ಪತ್ತು ಮತವಷ್ಟೇ ಬೀಳುತ್ತದೆ, ಊರೆಲ್ಲ ನಗುತ್ತದೆ, ಮುಂದೆ ಯಾವ ಹೆಂಗಸೂ ಇತ್ತ ತಲೆ ಹಾಕುವುದಿಲ್ಲ ಎಂಬುದು ಅವರ ಎಣಿಕೆ.

ಬೆಳಗ್ಗೆ ಚೀಟಿ ಕಂಡ ರಿಪಬ್ಲಿಕನ್ ಪಕ್ಷದ ಸ್ಥಳೀಯ ಮುಖಂಡರು ಸೀದಾ ಸಾಲ್ಟರ್ ಮನೆಗೆ ಹೋದರು. ಮಕ್ಕಳೊಂದಿಗನಾದ ಆ ಇಪ್ಪತ್ತೇಳರ ತಾಯಿ ಆಗ ಬಟ್ಟೆ ಒಗೆಯುತ್ತಿದ್ದರು. ಬಂದವರು ಕೇಳಿದ್ದು ಒಂದೇ ಮಾತು: ಆರಿಸಿದರೆ ಅಧಿಕಾರ ವಹಿಸಿಕೊಳ್ಳುತ್ತೀರಾ? ಆಗಲಿ ಎಂದರು ಸುಸಾನಾ. ನಮ್ಮ ಎಣಿಕೆಯಲ್ಲಿ ಇಡೀ ಪ್ರಸಂಗದ ತಿರುವು ಇದೇ. ಗೇಲಿ ಮಾಡಿದವರ ಮೇಲೆ ಮುನಿಸಿಕೊಂಡು ಬೇಡ ಎಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಇಪ್ಪತ್ತು ಮಂದಿಯ ಆಟ ಗೆದ್ದಂತಾಗುತ್ತಿತ್ತು. ಸಂಘದ ಹೆಂಗಸರು ತಮ್ಮ ಅಭ್ಯರ್ಥಿಯನ್ನು ಕೈಬಿಟ್ಟು ಒಟ್ಟಾಗಿ ಆಕೆಗೇ ಮತ ಹಾಕಿದರು. ಸಂಜೆ ಎಣಿಸಿದಾಗ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮತ ಆಕೆಯ ಪಾಲಾಗಿತ್ತು.

ಪತಿರಾಯರ ಪಾಡು ಬೇರೆ. ಮತ ಹಾಕಲು ಹೋಗಿ ಚೀಟಿಯಲ್ಲಿ ಹೆಂಡತಿಯ ಹೆಸರು ಕಂಡು ಅವರು ಸಿಟ್ಟಾದರಂತೆ. ಆಕೆ ಒಪ್ಪಿಕೊಂಡದ್ದು ತಿಳಿದ ಮೇಲೆ ಸಿಟ್ಟು ಇನ್ನೂ ಏರಿತು. ಕೆಲವು ದಿನದಲ್ಲಿ ಎಲ್ಲ ತಣ್ಣಗಾಗಿ, ತಾನು ಮೇಯರಮ್ಮನ ಗಂಡ ಎಂದು ತಾವೇ ತಮಾಷೆ ಮಾಡಿಕೊಳ್ಳುವ ಹಂತಕ್ಕೆ ಬಂದರು.

ಹೆಣ್ಣು ಮೇಯರ್ ಸಭೆ ನಡೆಸುವುದನ್ನು ನೋಡಲೆಂದೇ ನ್ಯೂಯಾರ್ಕಿನ ಪತ್ರಿಕೆಯೊಂದು ವರದಿಗಾರನನ್ನು ಕಳುಹಿಸಿತು. ಆತ ಆಕೆಯ ಉಡುಪು, ಟೋಪಿಗಳನ್ನು ಬಣ್ಣಿಸಿದ್ದಲ್ಲದೆ ಇನ್ನೊಂದನ್ನೂ ಬರೆದ: ವಿಷಯ ಬಿಟ್ಟು ಮಾತು ಹರಿದರೆ ಅಧ್ಯಕ್ಷೆ ಕೂಡಲೆ ತಡೆಯುತ್ತಾರೆ. ನಮ್ಮ ಸಂಘದ ಮಹಾಸಭೆಗಳಲ್ಲಿ ಕುಳಿತು ಬೇಸತ್ತ ಸದಸ್ಯರಿಗೆ ಈ ಗುಣದ ಬೆಲೆ ಬೇರೆ ಹೇಳಬೇಕಾಗಿಲ್ಲ. ಮೊದಲ ಸಭೆಯಲ್ಲೇ ಆಕೆ, ಚುನಾಯಿತರು ನೀವು, ಸಭೆ ನಡೆಸಿಕೊಡುವವಳಷ್ಟೇ ನಾನು ಎಂಬ ಅರ್ಥದ ಮಾತಾಡಿ ಸದಸ್ಯರಿಗೆ ಅವರ ಜವಾಬ್ದಾರಿಯನ್ನು ನೆನಪಿಸಿದರು. ದೊಡ್ಡ ಸುಧಾರಣೆಗಳೇನೂ ಆ ವರ್ಷ ನಡೆಯಲಿಲ್ಲ. ಊರಿನ ಲೆಕ್ಕ, ಊರಿನ ಶಿಸ್ತು ಎಂದಿನಂತೆ ನಡೆದುಕೊಂಡು ಹೋಯಿತು. ಹೆಂಗಸು ಕುರ್ಚಿ ಏರಿದರೆ ಊರು ಕೆಟ್ಟಿತು ಎಂದು ಕಾದಿದ್ದವರಿಗೆ ಹೇಳಿಕೊಳ್ಳಲು ಏನೂ ಸಿಗದೇ ಹೋದದ್ದು ಸಣ್ಣ ಸಾಧನೆ ಎಂದು ನಮಗೆ ತೋರುವುದಿಲ್ಲ. ಅಧಿಕಾರದಲ್ಲಿದ್ದಾಗಲೇ ಆಕೆಗೆ ಒಂದು ಮಗು ಹುಟ್ಟಿ, ಎಳೆತನದಲ್ಲೇ ತೀರಿಕೊಂಡಿತು. ಅದರ ನಡುವೆಯೂ ಅವಧಿ ಪೂರೈಸಿದರು.

ಮತ್ತೆ ನಿಲ್ಲುವಂತೆ ಕೇಳಿದಾಗ ಒಲ್ಲೆನೆಂದರು. ಅಷ್ಟರಲ್ಲಿ 1888ರಲ್ಲಿ ಅದೇ ರಾಜ್ಯದ ಆಸ್ಕಲೂಸಾ ಪಟ್ಟಣ ಮೇಯರ್ ಸಹಿತ ಇಡೀ ಮಂಡಳಿಗೆ ಹೆಂಗಸರನ್ನೇ ಆರಿಸಿತ್ತು. ಕ್ಯಾನ್ಸಸ್ ಮಹಿಳೆಯರಿಗೆ ಪೂರ್ಣ ಮತದಾನದ ಹಕ್ಕು ಬರಲು 1912 ಆಗಬೇಕಾಯಿತು. ಅಮೆರಿಕದ ಸಂವಿಧಾನದಲ್ಲಿ ಅದು ಸೇರಿದ್ದು 1920ರಲ್ಲಿ.

ಸಾಲ್ಟರ್ ದಂಪತಿಗಳು 1893ರಲ್ಲಿ ಹೊಸ ಭೂಮಿ ಅರಸಿ ಓಕ್ಲಹೋಮಾಕ್ಕೆ ಹೋದರು. 1916ರಲ್ಲಿ ಪತಿ ತೀರಿಕೊಂಡ ಮೇಲೆ, ಕಿರಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ಅನುಕೂಲವೆಂದು ಸುಸಾನಾ ವಿಶ್ವವಿದ್ಯಾನಿಲಯವಿದ್ದ ನಾರ್ಮನ್ ಪಟ್ಟಣದಲ್ಲಿ ನೆಲೆಸಿದರು. ಮತ್ತೆಂದೂ ಯಾವ ಹುದ್ದೆಗೂ ನಿಲ್ಲಲಿಲ್ಲ. 1961ರ ಮಾರ್ಚ್ 17ರಂದು, ನೂರೊಂದು ವರ್ಷ ತುಂಬಿದ ಮೇಲೆ ಅವರು ಕಣ್ಣು ಮುಚ್ಚಿದರು. ಸಮಾಧಿ ಆರ್ಗೋನಿಯಾದಲ್ಲಿದೆ. ಆ ಊರು ತನ್ನ ಮೇಯರಮ್ಮನಿಗೆ ಒಂದು ವರ್ಷದ ದುಡಿಮೆಗೆಂದು ಕೊಟ್ಟ ಸಂಬಳ ಒಂದು ಡಾಲರ್.