ಗಾಳಿ ತುಂಬಿದ ಟೈರು ಮತ್ತು ಪೇಟೆಂಟಿನ ಪಾಠ

ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಮರುವರ್ಷವೇ ಡಬ್ಲಿನ್‌ನಲ್ಲಿ ಕಂಪನಿ ಸ್ಥಾಪನೆಯಾಯಿತು. ಆದರೆ ಆ ಪೇಟೆಂಟ್ ಅಸಿಂಧುವೆಂದು 1890ರಲ್ಲಿ ತಿಳಿದುಬಂದಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಷ್ಟು ಹಿಂದೆಯೇ ಅದೇ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದರು. ಕುದುರೆಗಾಡಿಗಳ ಕಾಲದಲ್ಲಿ ಥಾಮ್ಸನ್ನರ ದುಬಾರಿ ಟೈರಿಗೆ ದೊರೆಯದ ಮಾರುಕಟ್ಟೆಯನ್ನು ಡನ್‌ಲಪ್ಪರಿಗೆ ಸೈಕಲ್ಲು ಒದಗಿಸಿತ್ತು. ಟೈರನ್ನು ರಿಮ್ಮಿಗೆ ಭದ್ರವಾಗಿ ಕೂರಿಸುವ ವೆಲ್ಚ್ ಮತ್ತು ಬಾರ್ಟ್ಲೆಟ್ ಪೇಟೆಂಟುಗಳ ಹಕ್ಕು ಪಡೆದು ಕಂಪನಿಯು ತನ್ನ ಸ್ಥಾನವನ್ನು ಉಳಿಸಿಕೊಂಡಿತು.

ನಮ್ಮ 1970ರ ಪೇಟೆಂಟ್ ಕಾಯಿದೆಯ 64ನೇ ಕಲಮಿನಡಿಯೂ, ಮೊದಲೇ ಪ್ರಕಟವಾಗಿದ್ದ ಆವಿಷ್ಕಾರದ ಪೇಟೆಂಟನ್ನು ರದ್ದುಪಡಿಸಲು ಅವಕಾಶವಿದೆ. ಆದುದರಿಂದ ಪೇಟೆಂಟನ್ನು ಆಸ್ತಿಯೆಂದು ಲೆಕ್ಕಕ್ಕೆ ತೆಗೆದುಕೊಂಡು ಬಂಡವಾಳ ಹೂಡುವ ಮುನ್ನ ಹಳೆಯ ದಾಖಲೆಗಳನ್ನು ಶೋಧಿಸುವುದು ಉದ್ಯಮಿಗಳಿಗೆ ಕ್ಷೇಮಕರ.