ವಿಭಾಗಗಳ ನಡುವಿನ ಗೋಡೆ

ಕಾಲೇಜಿಗೆ ಅರ್ಜಿ ತುಂಬುವ ಕಾಲ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ: ಯಾವ ವಿಷಯ ತೆಗೆದುಕೊಳ್ಳುವುದು? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ನಾವು ಬೇರೆ ಬೇರೆ ಕೋಣೆಗಳೆಂದೇ ಭಾವಿಸಿದ್ದೇವೆ. ಆದರೆ ಈ ಗೋಡೆಗಳು ಪ್ರಕೃತಿಸಹಜವಾದವಲ್ಲ; ವಿಶ್ವವಿದ್ಯಾಲಯಗಳ ಆಡಳಿತ ಕಟ್ಟಿದವು. ಇದಕ್ಕೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದ ಚರಿತ್ರೆ ಒಳ್ಳೆಯ ನಿದರ್ಶನ.

ಕೊಲಂಬಿಯಾ ಇನ್ನೂ ಕಾಲೇಜಾಗಿದ್ದಾಗ, 1857ರಲ್ಲಿ ಜರ್ಮನ್ ಮೂಲದ ಫ್ರಾನ್ಸಿಸ್ ಲೀಬರ್ ಅಲ್ಲಿ ಇತಿಹಾಸ ಹಾಗೂ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಎರಡು ವಿಷಯಕ್ಕೂ ಒಂದೇ ಪೀಠ! 1865ರಲ್ಲಿ ಅವರು ಕಾನೂನು ಶಾಲೆಗೆ ಹೋದರು. 1876ರಲ್ಲಿ ಬಂದ ಜಾನ್ ಬರ್ಜೆಸ್, ಪ್ಯಾರಿಸ್ಸಿನಲ್ಲಿ 1872ರಲ್ಲಿ ಆರಂಭವಾಗಿದ್ದ ರಾಜ್ಯಶಾಸ್ತ್ರ ಶಾಲೆಯನ್ನು ಮಾದರಿಯಾಗಿಟ್ಟುಕೊಂಡು, ಸರ್ಕಾರಿ ಸೇವೆಗೆ ಯುವಕರನ್ನು ಸಜ್ಜುಗೊಳಿಸುವ ಮತ್ತು ಸಂಶೋಧನೆ ನಡೆಸುವ ಯೋಜನೆ ಮುಂದಿಟ್ಟರು. 1880ರಲ್ಲಿ ಧರ್ಮದರ್ಶಿಗಳು ಒಪ್ಪಿಗೆ ನೀಡಿದರು. ಅದೇ ವರ್ಷ ಬೆರಳೆಣಿಕೆಯ ಅಧ್ಯಾಪಕರೊಂದಿಗೆ ರಾಜ್ಯಶಾಸ್ತ್ರ ಶಾಲೆ ತೆರೆಯಿತು.

ಹೆಸರು ರಾಜ್ಯಶಾಸ್ತ್ರವಾದರೂ ಇತಿಹಾಸ, ಅರ್ಥಶಾಸ್ತ್ರ, ಸಾರ್ವಜನಿಕ ಕಾನೂನು, ಆಮೇಲೆ ಸಮಾಜಶಾಸ್ತ್ರ ಎಲ್ಲವೂ ಅದರ ಸೂರಿನಡಿಯೇ ಬೆಳೆದವು. ಕಾಲಕ್ರಮದಲ್ಲಿ ಇವು ಪ್ರತ್ಯೇಕ ವಿಭಾಗಗಳಾದವು. ಇಂದು ರಾಜ್ಯಶಾಸ್ತ್ರ ವಿಭಾಗ ಎನಿಸಿಕೊಂಡಿರುವುದು 20ನೇ ಶತಮಾನದ ಮಧ್ಯಭಾಗದಲ್ಲಿ 'ಸಾರ್ವಜನಿಕ ಕಾನೂನು ಮತ್ತು ಸರ್ಕಾರ' ವಿಭಾಗವಾಗಿತ್ತು.

ಆ ಹಳೆಯ ದೊಡ್ಡ ಸೂರಿನ ಪ್ರಯೋಜನ ಪಡೆದವರಲ್ಲಿ ನಮ್ಮ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅವರು ಸೇರಿದ್ದು ಈ ರಾಜ್ಯಶಾಸ್ತ್ರ ನಿಕಾಯಕ್ಕೇ. ಮುಖ್ಯ ವಿಷಯ ಅರ್ಥಶಾಸ್ತ್ರ, ಗುರು ಸೆಲಿಗ್‌ಮನ್. ಜೊತೆಗೆ ಇತಿಹಾಸ, ಸಮಾಜಶಾಸ್ತ್ರ ಓದಿದರು. ಜಾನ್ ಡ್ಯೂಯಿ ಅವರ ತತ್ವಶಾಸ್ತ್ರದ ಪಾಠಗಳನ್ನೂ ಕೇಳಿದರು. 1916ರಲ್ಲಿ ಭಾರತದ ಜಾತಿಪದ್ಧತಿ ಕುರಿತ ಪ್ರಬಂಧವನ್ನು ಮಂಡಿಸಿದ್ದು ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ! ಮುಂದೆ ಸಂವಿಧಾನ ರಚನೆಯಲ್ಲಿ ತೊಡಗಿದಾಗ ಈ ಬಹುಮುಖ ವ್ಯಾಸಂಗ ಅವರ ಬೆನ್ನಿಗಿತ್ತು.

ಆದರೆ ಸೂರು ದೊಡ್ಡದಾದ ಮಾತ್ರಕ್ಕೆ ಸಾಲದು, ಅದರಡಿ ಮಾತನಾಡುವ ಸ್ವಾತಂತ್ರ್ಯವೂ ಬೇಕು. ಮೊದಲ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಆಡಳಿತದ ಯುದ್ಧನಿಲುವನ್ನು ಒಪ್ಪದ ಇಬ್ಬರು ಪ್ರಾಧ್ಯಾಪಕರನ್ನು ಕೊಲಂಬಿಯಾ ವಜಾ ಮಾಡಿತು. ರಾಜ್ಯಶಾಸ್ತ್ರ ಬೋಧಿಸುತ್ತಿದ್ದ ಚಾರ್ಲ್ಸ್ ಬಿಯರ್ಡ್ ಸ್ವತಃ ಯುದ್ಧದ ಪರವಾಗಿದ್ದವರು. ಆದರೂ ಸಹೋದ್ಯೋಗಿಗಳ ವಜಾ ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರನಡೆದರು. 1919ರಲ್ಲಿ ನ್ಯೂಯಾರ್ಕಿನ 'ನ್ಯೂ ಸ್ಕೂಲ್' ಸ್ಥಾಪಿಸಿದವರಲ್ಲಿ ಅವರೂ ಒಬ್ಬರು.

ಆದ್ದರಿಂದ ಪಾಲಕರು ಮಕ್ಕಳನ್ನು ಸೇರಿಸುವಾಗ ವಿಭಾಗದ ನಾಮಫಲಕವನ್ನಷ್ಟೇ ನೋಡಿದರೆ ಸಾಲದು. ಈ ವಿಷಯದ ಜೊತೆ ಬೇರೇನನ್ನು ಓದಬಹುದು, ಪಕ್ಕದ ವಿಭಾಗದ ಪಾಠ ಕೇಳಲು ಅವಕಾಶವಿದೆಯೇ, ತರಗತಿಯಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಗುತ್ತದೆಯೇ ಎಂದು ವಿಚಾರಿಸಬೇಕು. ವಿದ್ಯಾರ್ಥಿಗಳೂ ಅಷ್ಟೆ, ರಾಜ್ಯಶಾಸ್ತ್ರ ಓದುವವರು ಒಂದಿಷ್ಟು ಲೆಕ್ಕ ಕಲಿಯಲಿ, ವಿಜ್ಞಾನ ಓದುವವರು ಸಂವಿಧಾನವನ್ನು ತೆರೆದು ನೋಡಲಿ. ಗೋಡೆ ಕಟ್ಟುವುದು ಆಡಳಿತದ ಕೆಲಸವಿರಬಹುದು. ಅದರಲ್ಲಿ ಬಾಗಿಲು ಹುಡುಕುವುದು ಓದುವವರ ಕೆಲಸ.